ಒಂದು ಹೈಡ್ರೋಜನ್ ಪ್ರಬಂಧ, ನಾಲ್ಕು ಉಲ್ಲೇಖ

ಸಂಶೋಧನೆಯ ತೂಕ ನೋಡುವ ಸಮಿತಿಯ ಮಾನ್ಯ ಅಧ್ಯಕ್ಷರೇ,

ಹೈಡ್ರೋಜನ್ನಿನ ಸ್ಪಿನ್ ಧ್ರುವೀಕರಣದ ಬಗ್ಗೆ ನಾನು ಬರೆದ ಪ್ರಬಂಧವನ್ನು ಆರು ವರ್ಷಗಳಲ್ಲಿ ನಾಲ್ಕೇ ಕಡೆ ಉಲ್ಲೇಖಿಸಲಾಗಿದೆ, ಅದರಲ್ಲೂ ಒಂದು ಕಡೆ ತಪ್ಪು ತೋರಿಸಲಾಗಿದೆ, ಆದ್ದರಿಂದ ಪಿಎಚ್.ಡಿ. ಮಾರ್ಗದರ್ಶನಕ್ಕೆ ನಾನು ಅನರ್ಹಳು ಎಂದು ತಾವು ಅಪ್ಪಣೆ ಕೊಡಿಸಿದ್ದೀರಿ. ಬಹಳ ಸಂತೋಷ. ಆದರೆ ನನ್ನ ವಿದ್ಯಾರ್ಥಿನಿ, ಗಬ್ಬೂರಿನ ನಗ್ಮಾಳ ಮೂರು ವರ್ಷದ ಕೆಲಸವೂ ಇದರಿಂದ ನಿಂತಿದೆ. ತಿಂಗಳ ಕೊನೆಗೆ ಅವಳ ನೋಂದಣಿ ರದ್ದಾಗುತ್ತದೆ. ನನಗೆ ಸಿಟ್ಟು ಬಂದಿರುವುದು ಅದಕ್ಕೆ.

ಆ ನಾಲ್ಕನ್ನು ತಾವು ಎಣಿಸಿದ್ದೀರಿ, ನಾನು ಓದಿದ್ದೇನೆ. ಒಂದು ನನ್ನದೇ, ನನ್ನ ಬೆನ್ನು ನಾನೇ ತಟ್ಟಿಕೊಂಡದ್ದು. ಇನ್ನೊಂದರಲ್ಲಿ ನಲವತ್ತು ಹೆಸರುಗಳ ನಡುವೆ ಸಂತೆಯಲ್ಲಿ ನಿಂತಂತೆ ನಿಂತಿದ್ದೇನೆ. ಮೂರನೆಯದು ಗೊಬ್ಬರದ ಕುರಿತ ಪ್ರಬಂಧ. ಅಲ್ಲಿ ನನಗೇನು ಕೆಲಸವೋ ದೇವರೇ ಬಲ್ಲ. ನಾಲ್ಕನೆಯವರು ದೂರದೇಶದವರು. ಅವರೊಬ್ಬರೇ ಪ್ರಯೋಗವನ್ನು ಮತ್ತೆ ಮಾಡಿ ನೋಡಿ, ಹೈಡ್ರೋಜನ್ ಹಾಯುವ ನಳಿಕೆ ಸಾಕಷ್ಟು ಹೊತ್ತು ತಣ್ಣಗಾಗಿಲ್ಲ, ಅದಕ್ಕೇ ಅಂಕಿ ಕಡಿಮೆ ಬಂದಿದೆ ಎಂದು ಬರೆದರು. ತಾವು ಅದನ್ನೇ ಕಳಂಕ ಎಂದಿರಿ.

ಅವರು ಹೇಳಿದ್ದು ನಿಜ. ಹೈಡ್ರೋಜನ್ನನ್ನು ವಿಪರೀತ ಚಳಿಯಲ್ಲಿ ತುಕ್ಕಿನ ಪುಡಿಯ ಮೇಲೆ ಹಾಯಿಸಬೇಕು. ಮುಂದೊಂದು ದಿನ ರೋಗಿಯ ಸ್ಕ್ಯಾನ್ ಇನ್ನಷ್ಟು ಸ್ಪಷ್ಟವಾಗಲು ಅಂಥ ಹೈಡ್ರೋಜನ್ ನೆರವಾದೀತು. ಚಳಿಗೆ ದ್ರವ ಸಾರಜನಕ ಬೇಕು. ಮಾನ್ವಿಯ ನಮ್ಮ ಕಾಲೇಜಿನಲ್ಲಿ ಕುಡಿಯುವ ನೀರೇ ತಣ್ಣಗಿರುವುದಿಲ್ಲ. ದ್ರವ ಸಾರಜನಕ ಇದ್ದದ್ದು ಕವಿತಾಳದ ಕಡೆ ದನಗಳಿಗೆ ಕೃತಕ ಗರ್ಭಧಾರಣೆ ಮಾಡುವ ತಿರುಪತಿ ಎಂಬವನ ಕ್ಯಾನಿನಲ್ಲಿ, ಹೋರಿಯ ವೀರ್ಯದ ಕಡ್ಡಿಗಳ ಜೊತೆ. ಕ್ಯಾನಿನ ಬಾಯಿ ಹೆಚ್ಚು ಹೊತ್ತು ತೆರೆದಿಡಬಾರದೆಂಬುದು ಅವನ ಕೆಲಸದ ಶಿಸ್ತು. ನಾನು ನಳಿಕೆ ಇಳಿಸಿದರೆ ಸಾಕು, ಪಕ್ಕದಲ್ಲೇ ನಿಂತು ಕೂಗುತ್ತಿದ್ದ:

“ಲಗೂ ಮುಚ್ಚರಿ ಮೇಡಮ್ಮಾರ! ನಿಮ್ಮ ಗಾಳಿ ಸಲುವಾಗಿ ನಮ್ಮ ಆಕಳ ಗಬ್ಬ ನಿಲ್ಲದಂಗ ಆದೀತು!”

ನಾನು ಮುಚ್ಚಿದೆ. ಹಾಗಾಗಿ ಅಂಕಿ ತಪ್ಪಿತು. ರಾಯಚೂರಿನ ವಿಚಾರಣೆಯಲ್ಲಿ ತಮ್ಮ ಸದಸ್ಯರೊಬ್ಬರು, “ಕೃತಜ್ಞತೆಯಲ್ಲಿ ದನದ ಡಾಕ್ಟರ್ ಯಾಕೆ?” ಎಂದು ನಕ್ಕರು. ಪ್ರಬಂಧದಲ್ಲಿ ಅವರು ಓದಿದ್ದು ಅದೊಂದೇ ಸಾಲು.

ಇನ್ನೂರು ಉಲ್ಲೇಖಗಳಿರುವ ಮತ್ತೊಬ್ಬ ಮಹನೀಯರಿಗೆ ಮಾತ್ರ ತಮ್ಮ ಸಮಿತಿಯಿಂದ ಶಾಲು ಸಿಕ್ಕಿತು. ಅವರ ಪಟ್ಟಿಯನ್ನೂ ನೋಡಿದೆ. ಅದೇ ಒಂಬತ್ತು ಮಂದಿ ಸರದಿಯ ಮೇಲೆ ಒಬ್ಬರನ್ನೊಬ್ಬರು ಉಲ್ಲೇಖಿಸಿಕೊಂಡಿದ್ದಾರೆ. ನಾಟಿ ಕಾಲಕ್ಕೆ ನಮ್ಮಲ್ಲಿ ಇದನ್ನು ಮುಯ್ಯಾಳು ಎನ್ನುತ್ತಾರೆ: ಇವತ್ತು ನಿಮ್ಮ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು. ಅಲ್ಲಿ ಕೊನೆಗೆ ಭತ್ತವಾದರೂ ಬೆಳೆಯುತ್ತದೆ. ಇಲ್ಲಿ ಬೆಳೆದದ್ದೇನು, ಸ್ವಾಮಿ?

ನಗ್ಮಾ ಮಾಡುತ್ತಿರುವುದು ಆ ತಪ್ಪನ್ನು ತಿದ್ದುವ ಕೆಲಸ. ಬೇರೆ ಕ್ಯಾನ್ ಹೊಂದಿಸಿ, ನಳಿಕೆಯನ್ನು ಗಂಟೆಗಟ್ಟಲೆ ಮುಳುಗಿಸಿ, ಹನ್ನೊಂದು ಬಾರಿ ಅಳತೆ ತೆಗೆದಿದ್ದಾಳೆ. ಇನ್ನು ಒಂಬತ್ತು ಬಾಕಿ. ತಮ್ಮ ಆದೇಶ ಓದಿ ಅವಳು ಅಳಲಿಲ್ಲ, ನನ್ನನ್ನೇ ಕೇಳಿದಳು:

“ತಪ್ಪು ಎಲ್ಲಾಗೇದ ಅಂತ ಗೊತ್ತಾಗೇದ್ರಿ ಮೇಡಂ. ಈಗ ಸರಿ ಮಾಡಾಕ ಬಿಡಂಗಿಲ್ಲ ಅಂದ್ರ ಹೆಂಗ್ರೀ?”

ಆ ಪ್ರಶ್ನೆಯನ್ನು ತಮಗೇ ದಾಟಿಸುತ್ತಿದ್ದೇನೆ. ತಮ್ಮ ಬಳಿ ಉತ್ತರವಿದ್ದರೆ ಅವಳಿಗೇ ಹೇಳಿ. ಇಲ್ಲವಾದರೆ ನನ್ನನ್ನು ಬೇಕಾದರೆ ಕೈಬಿಡಿ, ಅವಳ ನೋಂದಣಿ ಉಳಿಸಿ. ಅವಳ ಪ್ರಬಂಧದಲ್ಲಿ ನನ್ನ ಹೆಸರು ತಪ್ಪು ಮಾಡಿದವಳೆಂದು ಬರಲಿ. ಅದೊಂದು ಉಲ್ಲೇಖಕ್ಕಾಗಿ ಕಾಯುತ್ತಿದ್ದೇನೆ.

ಇಂತಿ,
ಆದೇಶ ಬಂದ ಮೇಲೂ ಮಾರ್ಗದರ್ಶಕಿ ಎಂದೇ ಸಹಿ ಹಾಕುತ್ತಿರುವ
ಸುನಂದಾ
ರಸಾಯನಶಾಸ್ತ್ರ ಉಪನ್ಯಾಸಕಿ, ಮಾನ್ವಿ