ಮೂರನೇ ಸಾಲಿನ ಐದನೇ ಕ್ಯಾರಿಯರ್

ಮಿಗುದಿನ, ೨೧೯೪
ಹನ್ನೆರಡನೇ ದಾರಿಗಟ್ಟೆ, ಕೂಡ್ಲಿಗಿ ರಸ್ತೆ

ಪೂಜ್ಯ ಪಂಪಕ್ಕಜ್ಜಿಯವರಿಗೆ, ನಿಮ್ಮ ಮರಿಮಗಳ ಮರಿಮಗ ತಿಪ್ಪೇಶ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮ ವರ್ಷಕ್ಕೆ ಹದಿಮೂರು ತಿಂಗಳು, ತಿಂಗಳಿಗೆ ಇಪ್ಪತ್ತೆಂಟೇ ದಿನ. ಎಲ್ಲ ಮುಗಿದ ಮೇಲೆ ಯಾವ ತಿಂಗಳಿಗೂ ಸೇರದ ಒಂದು ದಿನ ಉಳಿಯುತ್ತದೆ. ಅದಕ್ಕೆ ಮಿಗುದಿನ ಎನ್ನುತ್ತೇವೆ. ಅಂದು ಕಚೇರಿಗೆ ರಜೆ, ಜೈಲಿನವರಿಗೂ ಒಂದು ದಿನ ಕಡಿಮೆ ಸಜೆ. ನನ್ನ ಕನ್ನಡ ಅಲ್ಲಲ್ಲಿ ತೊಡಕೆನಿಸಿದರೆ ಮನ್ನಿಸಿ. ಇಷ್ಟು ವರ್ಷಗಳಲ್ಲಿ ಮಾತು ಬಹಳ ಸವೆದಿದೆ, ಅಲ್ಪಸ್ವಲ್ಪ ಚಿಗುರಿದೆ. ನಿಮಗೀಗ ಮೂವತ್ತೆಂಟು, ನನಗೆ ನಲವತ್ತಾರು. ವಯಸ್ಸಿನಲ್ಲಿ ನಾನೇ ಹಿರಿಯ. ಆದರೂ ಅಜ್ಜಿ ಎನ್ನದೆ ಬೇರೆ ದಾರಿಯಿಲ್ಲ.

ವಿಷಯ ಇಷ್ಟೇ. ಬರುವ ಗುರುವಾರ ಸಂಜೆ ಐದೂವರೆಗೆ, ಹುಣಸೆಕಟ್ಟೆ ಸಂತೆಯಿಂದ ವಾಪಸಾಗುವಾಗ, ಕೆಟ್ಟು ನಿಂತ ನಿಮ್ಮ ಜೀಪಿನತ್ತ ಒಬ್ಬ ಮನುಷ್ಯ ಓಡಿ ಬರುತ್ತಾನೆ. ನಿಮ್ಮ ಯಜಮಾನರು ಕೊಟ್ರಪ್ಪನವರು ಹಿಂದಿನ ಸೀಟಿನ ಕೆಳಗಿನ ಗೋಣಿಚೀಲದಿಂದ ಬಂದೂಕು ಎಳೆಯುತ್ತಾರೆ. ಆ ಮನುಷ್ಯ ಬದುಕಬೇಕು. ಅದಕ್ಕಾಗಿ ಈ ಪತ್ರ.

ಇದು ನಿಮಗೆ ತಲುಪುವುದು ಹಿಂಟಪಾಲಿನಲ್ಲಿ. ಅಂದರೆ ಹಿಂದಿನ ಕಾಲಕ್ಕೆ ಹೋಗುವ ಅಂಚೆ. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಪತ್ರ, ಅದೂ ಸ್ವಂತ ರಕ್ತಸಂಬಂಧಿಗೆ ಮಾತ್ರ. ಆಗಿಹೋದದ್ದನ್ನು ಬದಲಿಸಲು ಕೇಳುವಂತಿಲ್ಲ; ಆದದ್ದೇ ಆಗಲಿ ಎಂದು ಬೇಕಾದರೆ ಕೇಳಬಹುದು. ಬಹುಪಾಲು ಜನ ಈ ಶರತ್ತು ಓದಿದವರೇ ಕ್ಯೂ ಬಿಟ್ಟು ಮನೆಗೆ ಹೋಗುತ್ತಾರೆ. ನನ್ನ ಅರ್ಜಿ ನೋಡಿದ ಗುಮಾಸ್ತೆಯೂ ಕೇಳಿದಳು: "ಆಗಿದ್ದೇ ಆಗ್ಲಿ ಅನ್ನಾಕ ಜೀವಮಾನದ ಪತ್ರ ಯಾಕ ದಂಡ ಮಾಡ್ತೀರಿ ಅಣ್ಣಾರ? ಒಂದು ಹಾಳೀನಾರ ಉಳೀತಿತ್ತು." ನಾನು ಹಾಳೆ ಉಳಿಸಲಿಲ್ಲ.

ನಮ್ಮ ರಸ್ತೆಗಳ ಬಗ್ಗೆ ಸ್ವಲ್ಪ ಹೇಳುತ್ತೇನೆ, ಇಲ್ಲದಿದ್ದರೆ ನಿಮ್ಮ ಗುರುವಾರಕ್ಕೆ ನಾನೇಕೆ ತಲೆ ಹಾಕುತ್ತಿದ್ದೇನೆ ಎಂಬುದು ತಿಳಿಯುವುದಿಲ್ಲ. ನಮ್ಮ ಗಾಡಿಗಳಿಗೆ ಸದ್ದಿಲ್ಲ, ಹೊಗೆಯಿಲ್ಲ. ಹೀಗಾಗಿ ಗುಡ್ಡದ ಕರಡಿಗಳು ರಸ್ತೆಯನ್ನು ತಮ್ಮದೆಂದುಕೊಂಡಿವೆ. ಐದು ಮೈಲಿಗೊಂದು ದಾರಿಗಟ್ಟೆ ಇದೆ: ಒಂದು ನೆರಳು, ಒಂದು ನೀರಿನ ನಲ್ಲಿ, ಕೂರಲು ಕಲ್ಲುಬೆಂಚು, ಮತ್ತು ನನ್ನಂಥ ಒಬ್ಬ ನೌಕರ. ಹಾವು ಬಂದರೆ ಹೇಳುವುದು, ಹಣ್ಣು ಮಾರುವವರನ್ನು ಬಿಸಿಲಿಂದ ಒಳಗೆ ಕರೆಯುವುದು, ರಸ್ತೆಯ ಫಲಕಗಳನ್ನು ಬರೆಯುವುದು ನನ್ನ ಕೆಲಸ. ಕನ್ನಡ ಮಾಧ್ಯಮದಲ್ಲಿ ಬಿ.ಎ. ಮಾಡಿದ್ದು ಇಲ್ಲಿ ಉಪಯೋಗಕ್ಕೆ ಬಂತು. ಗದ್ಯದಲ್ಲಿ ಬರೆದರೆ ಯಾರೂ ಓದುವುದಿಲ್ಲವಾದ್ದರಿಂದ ಪ್ರಾಸದಲ್ಲೇ ಬರೆಯುತ್ತೇನೆ. "ಕರಡಿ ದಾಟಲಿ, ಆಮೇಲೆ ಗಾಡಿ ಓಡಲಿ" ಎಂಬುದು ನನ್ನದೇ.

ದಾರಿಯಲ್ಲಿ ಆಪತ್ತು ಬಂದರೆ ಇರಲಿ ಎಂದು ಗಾಡಿಯಲ್ಲಿ ಬಂದೂಕು ಇಟ್ಟುಕೊಳ್ಳುವ ಆಸೆ ನಿಮ್ಮ ಕಾಲದಂತೆ ನಮ್ಮ ಕಾಲದಲ್ಲೂ ಹೋಗಿಲ್ಲ. ಅದಕ್ಕೆ ನಮ್ಮಲ್ಲಿ ಜೋಡಿಗಾಡಿ ಕಾಯ್ದೆ ಇದೆ. ಸಮಸಂಖ್ಯೆಯ ಗಾಡಿಯಲ್ಲಿ ಬಂದೂಕು ಇಡಬಹುದು, ಗುಂಡು ಇಡುವಂತಿಲ್ಲ. ಬೆಸಸಂಖ್ಯೆಯ ಗಾಡಿಯಲ್ಲಿ ಗುಂಡು ಇಡಬಹುದು, ಬಂದೂಕು ಇಡುವಂತಿಲ್ಲ. ಗುಂಡು ಹಾರಿಸಲೇಬೇಕು ಎನ್ನುವವನು ಇನ್ನೊಂದು ಗಾಡಿಯನ್ನು ಕೈಯೊಡ್ಡಿ ನಿಲ್ಲಿಸಿ, ಗುರುತಿಲ್ಲದವರ ಮುಂದೆ ನಿಂತು, ತಾನು ಯಾರ ಮೇಲೆ, ಏತಕ್ಕೆ ಹಾರಿಸಬೇಕೆಂದಿದ್ದೇನೆ ಎಂದು ಬಾಯಿಬಿಟ್ಟು ಹೇಳಬೇಕು. ಕೇಳಿದವರಿಗೆ ಸರಿಯೆನಿಸಿದರೆ ಕೊಡುತ್ತಾರೆ. "ಕಾರಣ ಹೇಳು, ಗುಂಡು ಕೇಳು" ಎಂಬ ಫಲಕವೂ ನನ್ನದೇ. ನನ್ನ ಸರಹದ್ದಿನಲ್ಲಿ ಹನ್ನೊಂದು ವರ್ಷಗಳಲ್ಲಿ ಇನ್ನೂರ ಹದಿನಾಲ್ಕು ಸಲ ಗುಂಡು ಕೇಳಿದ್ದಾರೆ. ಕೊಟ್ಟದ್ದು ಒಂಬತ್ತು ಸಲ. ಹಾರಿಸಿದ್ದು ಮೂರು ಸಲ: ಎರಡು ಆಕಾಶಕ್ಕೆ, ಒಂದು ನನ್ನ ಫಲಕಕ್ಕೆ. ಉಳಿದವರು ಕಾರಣ ಹೇಳುತ್ತಾ ಹೇಳುತ್ತಾ ತಾವೇ ತಣ್ಣಗಾಗಿ, ನೀರು ಕುಡಿದು ಹೋಗಿದ್ದಾರೆ.

ಎಲ್ಲವೂ ಸುಖವಾಗಿದೆ ಎಂದು ಬರೆದರೆ ಸುಳ್ಳಾಗುತ್ತದೆ. ಹೋದ ವರ್ಷ ಹೊನ್ನೂರಮ್ಮ ಎಂಬ ಗಾಡಿಯವಳು ಹದಿನಾಲ್ಕನೇ ಕಟ್ಟೆಯ ಬಳಿ ಕರಡಿಗೆ ಸಿಕ್ಕಿದಳು. ಬಂದೂಕು ಕೈಯಲ್ಲೇ ಇತ್ತು. ನಲವತ್ತು ನಿಮಿಷ ಒಂದೂ ಬೆಸಸಂಖ್ಯೆಯ ಗಾಡಿ ಬರಲಿಲ್ಲ. ಎಡಗೈ ಹೋಯಿತು. ಈಗ ಬಂದೂಕು, ಗುಂಡು ಎರಡೂ ಒಂದೇ ಗಾಡಿಯಲ್ಲಿರಲಿ ಎಂದು ರಸ್ತೆ ಮಂಡಳಿಗೆ ಅರ್ಜಿ ಹಾಕಿದ್ದಾಳೆ. ನನ್ನ ಕಟ್ಟೆಗೂ ಬಂದು, ಫಲಕದ ಕೆಳಗೆ ನಿಂತು ಕೇಳಿದಳು: "ನೀ ಪ್ರಾಸ ಹೊಂದಿಸಾ ತನಕ ಕರಡಿ ಕಾಯ್ತದೇನಪ್ಪಾ?" ನೀರು ಕೊಟ್ಟೆ. ಒಂದೇ ಕೈಯಲ್ಲಿ ಲೋಟ ಹಿಡಿದು ಕುಡಿದು ಹೋದಳು. ಮಂಡಳಿ ಇನ್ನೂ ತೀರ್ಮಾನಿಸಿಲ್ಲ. ಅವಳ ಅರ್ಜಿಯಲ್ಲಿ ತಪ್ಪಿದೆ ಎಂದು ನಾನು ಹೇಳಲಾರೆ.

ಆದರೆ ಆ ಕಾಯ್ದೆ ಹುಟ್ಟಿದ್ದು ನಿಮ್ಮ ಜೀಪಿನಲ್ಲಿ. ಕಾಯ್ದೆ ಬರೆದಾಕೆ ನಿಮ್ಮ ಮರಿಮಗಳೇ, ಮನೆಯಲ್ಲಿ ಕೇಳಿದ ಕಥೆಯಿಂದ. ಆ ಕಥೆ ನಮಗೆ ತಲುಪಿರುವುದು ಹೀಗೆ.

ನೀವಿಬ್ಬರೂ ಸಂತೆ ಸಂತೆಗೆ ಸ್ಟೀಲ್ ಪಾತ್ರೆ ಒಯ್ದು ಮಾರುವವರು. ಕೊಟ್ರಪ್ಪನವರಿಗೆ ಅವರಪ್ಪನ ಕಾಲದ ಲೈಸೆನ್ಸಿನ ಒಂಟಿನಳಿಕೆ ಬಂದೂಕು ಬಂದಿತ್ತು. ಬೆಳೆಗೆ ಬೀಳುವ ಹಂದಿ ಓಡಿಸಲು ಕೊಟ್ಟದ್ದನ್ನು ಅವರು ಜೀಪಿಗೆ ಹಾಕಿಕೊಂಡರು. "ಇರ್ಲಿ ಬಿಡು, ದಾರ್ಯಾಗ ಯಾವಾಗ ಏನ್ ಬರ್ತದೋ" ಎಂದರು. "ಹತ್ತು ವರ್ಷದಾಗ ಪಂಚರ್ ಬಿಟ್ಟು ಏನ್ ಬಂದೈತಿ?" ಎಂದು ನೀವು ಕೇಳಿದಿರಿ. ಬಂದೂಕು ಸೀಟಿನ ಕೆಳಗೆ ಹೋಯಿತು. ಅದರ ಮೂರು ಗುಂಡುಗಳಿಗೆ ಮಾತ್ರ ಪಾತ್ರೆ ವ್ಯಾಪಾರಿಗಷ್ಟೇ ಹೊಳೆಯುವ ಜಾಗ ಹುಡುಕಿದರು: ಮಾರಾಟದ ನಲವತ್ತು ಊಟದ ಕ್ಯಾರಿಯರುಗಳಲ್ಲಿ ಒಂದರ ತಳದ ಡಬ್ಬಿ. ಮೂರನೇ ಸಾಲು, ಎಡದಿಂದ ಐದನೆಯದು. ನಲವತ್ತರಲ್ಲಿ ಅದು ಯಾವುದೆಂದು ಕಳ್ಳನಿಗೆ ತಿಳಿಯದು ಎಂಬುದು ಅವರ ಲೆಕ್ಕ. "ಅದೊಂದನ್ನ ಮಾತ್ರ ಮಾರ್ಬ್ಯಾಡ ನೋಡು" ಎಂದು ಪ್ರತಿ ಸಂತೆಯಲ್ಲೂ ಹೇಳುತ್ತಿದ್ದರು. ನೀವು ಮಾರುತ್ತಿರಲಿಲ್ಲ.

ಗುರುವಾರ ಬೋಸಯ್ಯ ಎಂಬವರು ನಿಮ್ಮ ಅಂಗಡಿಗೆ ಬರುತ್ತಾರೆ. ಹುಣಸೆ ತೋಪು ಕಾಯುವವರು. ಧೂಳಿಗೆ ಕೆಮ್ಮು ಬರುತ್ತದೆಂದು ಮುಖಕ್ಕೆ ಟವೆಲ್ ಸುತ್ತಿಕೊಳ್ಳುವ ಅಭ್ಯಾಸ. ಟೀಚರ್ ಟ್ರೈನಿಂಗಿಗೆ ಹೊರಟ ಮಗಳಿಗೆ ಒಂದು ಕ್ಯಾರಿಯರ್ ಬೇಕು. ನೀವು ಕೊಡುತ್ತೀರಿ. ಯಾವುದನ್ನು ಎಂದು ಹೇಳಬೇಕಾಗಿಲ್ಲ. ಆಮೇಲೆ ಕೇಳಿದಾಗ "ಮರ್ತೆ" ಎಂದಿರಿ.

ಸಂಜೆ ಸಾಮಾನು ತುಂಬಿಕೊಂಡು ಹೊರಡುತ್ತೀರಿ. ಊರು ದಾಟುತ್ತಲೇ ಹಿಂಬಾಗಿಲಿನ ಕೊಂಡಿ ಕಳಚಿ ಸೌಟು, ತಟ್ಟೆ, ಬೋಗುಣಿ ದಾರಿಯುದ್ದ ಉದುರುತ್ತವೆ. ಜೀಪಿನ ಗದ್ದಲದಲ್ಲಿ ನಿಮಗೆ ಕೇಳುವುದಿಲ್ಲ. ಸ್ವಲ್ಪ ದೂರದಲ್ಲೇ ಟೈರು ಪಂಚರಾಗುತ್ತದೆ. ಹಿಂದಿನ ವಾರ ಅದೇ ತಿರುವಿನಲ್ಲಿ ಯಾರದೋ ಬೈಕು ಕಿತ್ತುಕೊಂಡಿದ್ದರೆಂಬ ಸುದ್ದಿ ಸಂತೆಯಲ್ಲಿ ಕೇಳಿದ್ದೀರಿ. ಕೊಟ್ರಪ್ಪನವರು ಇಳಿದು ಹಿಂದೆ ನೋಡಿದರೆ, ಮುಖಕ್ಕೆ ಬಟ್ಟೆ ಸುತ್ತಿದವನೊಬ್ಬ ಕೈಯಲ್ಲಿ ಉದ್ದನೆಯದೇನನ್ನೋ ಎತ್ತಿ ಹಿಡಿದು, ಕೂಗುತ್ತಾ ಓಡಿ ಬರುತ್ತಿದ್ದಾನೆ. ಅದು ಮದುವೆ ಅಡುಗೆಯ ಸೌಟು. ನಿಮ್ಮದೇ. ಬಿದ್ದದ್ದನ್ನು ಕೊಡಲು ಬರುತ್ತಿರುವುದು. ಗಾಳಿ ಎದುರಾಗಿ ಅವರ ಮಾತು ನಿಮ್ಮ ತನಕ ಬರುವುದಿಲ್ಲ.

ಕೊಟ್ರಪ್ಪನವರು ಬಂದೂಕು ಹೊರಗೆಳೆಯುತ್ತಾರೆ. ಮೂರನೇ ಸಾಲು ಹುಡುಕುತ್ತಾರೆ. ಸಂತೆಯಲ್ಲಿ ಹರಡಿ, ಮಾರಿ, ಮತ್ತೆ ತುಂಬಿದ ಮೇಲೆ ಆ ಸಾಲು ಹಾಗೇ ಉಳಿಯುವುದಿಲ್ಲ ಎಂದು ಅವರಿಗೆ ಆಗ ಹೊಳೆಯುತ್ತದೆ. ಒಂದು ಕ್ಯಾರಿಯರ್ ಬಿಚ್ಚುತ್ತಾರೆ, ಖಾಲಿ. ಇನ್ನೊಂದು, ಖಾಲಿ. ಒಂದೊಂದಕ್ಕೂ ಮೂರು ಡಬ್ಬಿ, ಒಂದು ಕೊಂಡಿ, ಒಂದು ಮುಚ್ಚಳ. "ಎಲ್ಲೈತೆಲೇ ಅದು? ಎಲ್ಲೈತಿ?" ಎಂದು ಕೂಗುತ್ತಾರೆ. ನೀವು ಸುಮ್ಮನಿರುತ್ತೀರಿ. ಅವನು ನೂರು ಗಜದಲ್ಲಿದ್ದಾನೆ, ಐವತ್ತು ಗಜ, ಇಪ್ಪತ್ತು. ರಸ್ತೆಯ ಮೇಲೆ ಹದಿನೇಳು ಕ್ಯಾರಿಯರುಗಳ ಮುಚ್ಚಳ ತೆರೆದು ಬಿದ್ದಿವೆ. ಬಂದೂಕಿನ ಗುರಿ ಬೋಸಯ್ಯನವರ ಎದೆಗಿದೆ. ಆ ಬಂದೂಕಿನ ಮೂರೂ ಗುಂಡು ಬೋಸಯ್ಯನವರ ಎಡಗೈಯಲ್ಲಿ, ಹೊಸ ಕ್ಯಾರಿಯರಿನೊಳಗೆ ಗಲಗಲ ಎನ್ನುತ್ತಿವೆ.

ಬೋಸಯ್ಯನವರು ಏದುಸಿರು ಬಿಡುತ್ತಾ ಬಂದು, ಬಂದೂಕು ನೋಡಿಯೂ ಹೇಳಿದ್ದು ಇಷ್ಟೇ: "ನಿಮ್ ಸೌಟು ಬಿದ್ದಿತ್ರಿ ಸಾವ್ಕಾರ್ರ. ಇನ್ನೂ ಭಾಳ ಬಿದ್ದಾವ, ಆರ್ಸಿ ತರಾಣ ಬರ್ರಿ. ಮತ್ತ ಈ ಡಬ್ಬ್ಯಾಗ ಏನೋ ಉಳದೈತಿ, ಗಲಗಲ ಅಂತೈತಿ. ನಿಮ್ದೇನು?" ಮುಚ್ಚಳ ತೆಗೆದು ನೋಡಿದ ಮೇಲೆ ಕೊಟ್ರಪ್ಪನವರು ಟೈರಿಗೆ ಒರಗಿ ಕೂತರಂತೆ. ಮರುದಿನವೇ ಬಂದೂಕು ಠಾಣೆಗೆ ಹೋಯಿತು. ಆ ಕ್ಯಾರಿಯರಿನಲ್ಲಿ ಎರಡು ವರ್ಷ ಊಟ ಒಯ್ದ ಹುಡುಗಿ ಮುಂದೆ ನಿಮ್ಮ ಸೊಸೆಯಾದಳು. ನಾನು ಆ ಸಾಲಿನವನು. ಕ್ಯಾರಿಯರ್ ಈಗ ನನ್ನ ಮೇಜಿನ ಮೇಲಿದೆ. ಮಧ್ಯದ ಡಬ್ಬಿ ನೆಗ್ಗಿದೆ, ಆದರೂ ಸೋರುವುದಿಲ್ಲ.

ಇನ್ನು ನನ್ನ ಅನುಮಾನ. ನೀವು ಒಂದು ಲೋಟವನ್ನೂ ಸೆರಗಿನಿಂದ ಒರೆಸದೆ ಮಾರಿದವರಲ್ಲ. ಪ್ರತಿ ಡಬ್ಬಿಯನ್ನೂ ತೆರೆದು ಗಿರಾಕಿಯ ಮೂಗಿಗೆ ಹಿಡಿದು, "ಒಳಗ ನೋಡ್ಕಳ್ರಿ, ತೂತಿದ್ರ ವಾಪಸ್ ತಂದು ನನ್ ತಲಿಮ್ಯಾಲ ಮುಚ್ರಿ" ಎನ್ನುತ್ತಿದ್ದಿರಿ. ಐದು ತಲೆಮಾರಿನವರು ನಿಮ್ಮ ಆ ಮಾತನ್ನು ಅಣಕಿಸಿದ್ದಾರೆ. ಆ ಒಂದು ಕ್ಯಾರಿಯರನ್ನು ಮಾತ್ರ ತೆರೆಯದೆ ಕೊಟ್ಟಿರಿ. ಬೋಸಯ್ಯನವರು ಸಾಯುವ ತನಕ ಹೇಳುತ್ತಿದ್ದ ಇನ್ನೊಂದು ಮಾತಿದೆ: "ಡಬ್ಬಿ ಕೊಡುವಾಗ ಆಯಮ್ಮಗ ಕೆಮ್ಮೇ ಕೆಮ್ಮು. ಪಾಪ, ಬಿಸಿನೀರು ಕುಡೀರವ್ವಾ ಅಂದೆ." ಜೀವಮಾನದಲ್ಲಿ ಔಷಧದಂಗಡಿ ಹತ್ತದ ನಿಮಗೆ ಅದೇ ಗಳಿಗೆಯಲ್ಲಿ ಅಂಥ ಕೆಮ್ಮು ಹೇಗೆ ಬಂತು ಎಂಬುದು ನಮ್ಮ ಮನೆಯಲ್ಲಿ ಇಂದಿಗೂ ಬಗೆಹರಿದಿಲ್ಲ. ಅದು ಮರೆವೋ, ಅರಿವೋ? ಪ್ರಾಸಕ್ಕಾಗಿ ಕೇಳುತ್ತಿಲ್ಲ. ಹೊನ್ನೂರಮ್ಮನ ಅರ್ಜಿಯ ವಿಚಾರಣೆಯ ದಿನ ಮಂಡಳಿಯವರು ನನ್ನನ್ನೂ ಕರೆದು ಕೇಳುತ್ತಾರೆ: ಈ ಕಾಯ್ದೆಯ ಬುಡದಲ್ಲಿರುವುದು ಒಂದು ಪುಕ್ಕಟೆ ಅದೃಷ್ಟವೋ, ಯಾರಾದರೂ ಯೋಚಿಸಿ ಮಾಡಿದ ಕೆಲಸವೋ ಎಂದು. ನನಗೆ ಗೊತ್ತಿಲ್ಲ. ನಿಮ್ಮ ಉತ್ತರ ನನ್ನ ತನಕ ಬರುವ ಟಪಾಲು ಇನ್ನೂ ಶುರುವಾಗಿಲ್ಲ.

ಆದ್ದರಿಂದ ಕೋರಿಕೆ ಮಾತ್ರ. ಈ ಪತ್ರವನ್ನು ಓದಿ ಒಲೆಗೆ ಹಾಕಿ, ಯಜಮಾನರಿಗೆ ತೋರಿಸಬೇಡಿ. ಅವರು ಕಡೆಯ ತನಕ ಸಾಲು ಕಲಸಿದ್ದರಿಂದಲೇ ನೀವು ಮರೆತಿರಿ, ತಪ್ಪು ತಮ್ಮ ಸಾಲಿನದೇ ಎಂದುಕೊಂಡಿದ್ದರು, ಹಾಗೆಯೇ ಇರಲಿ. ಸಂಜೆ ಅವರು ಎಷ್ಟು ಕೂಗಿದರೂ ಬಾಯಿ ಬಿಡಬೇಡಿ. ಟವೆಲ್ ಸುತ್ತಿದವರು ಬಂದು ಕ್ಯಾರಿಯರ್ ಕೇಳಿದರೆ ಮೂರನೇ ಸಾಲು, ಎಡದಿಂದ ಐದನೆಯದು.

ಒರೆಸುವಾಗ ಒಳಗೆ ಸದ್ದಾಗುತ್ತದೆ. ಕೆಮ್ಮಿಬಿಡಿ.

ಇಂತಿ ನಿಮ್ಮ,
ತಿಪ್ಪೇಶ