ದಿಬ್ಬವನ್ನು ಸಮ ಮಾಡುತ್ತಾರಂತೆ

ಪ್ರೀತಿಯ ತಮ್ಮ ಎಮೆಟ್,

ಹೋದ ಭಾನುವಾರ ಅಪ್ಪನನ್ನು ಮ್ಯೂಲ್ಸ್ ತಂಡದ ಪಂದ್ಯಕ್ಕೆ ಕರೆದುಕೊಂಡು ಹೋಗಿದ್ದೆ. ನೀನು ಮೊಣಕಾಲು ಮುರಿದುಕೊಂಡ ದಿನದಿಂದ ಅವರು ಆ ಬೇಸ್‌ಬಾಲ್ ಮೈದಾನದ ಕಡೆ ತಲೆ ಹಾಕಿರಲಿಲ್ಲ. ಮೈದಾನದ ಹಿಂತುದಿಯಲ್ಲಿ, ನೀನು ಕಾಯುತ್ತಿದ್ದ ಸೆಂಟರ್‌ಫೀಲ್ಡ್‌ನ ದಿಬ್ಬವನ್ನು ಚಳಿಗಾಲದೊಳಗೆ ಕಡಿದು ಸಮ ಮಾಡುತ್ತಾರಂತೆ. ಲೀಗಿನವರಿಗೆ ಎಲ್ಲ ಮೈದಾನಗಳೂ ಒಂದೇ ಥರ ಇರಬೇಕಂತೆ. ಪೇಪರಿನಲ್ಲಿ ಅದನ್ನು ಓದಿದ ಅಪ್ಪ ಪೇಪರು ಮಡಿಚಿಟ್ಟು, "ಒಂದ್ಸಲ ಹೋಗಿ ಬರೋಣ ಕಣಮ್ಮ" ಅಂದರು.

ಈಗ ಅವರು ಎಲ್ಲಿಗೆ ಹೋದರೂ ಆಕ್ಸಿಜನ್ ಸಿಲಿಂಡರ್ ಜೊತೆಗೇ ಬರಬೇಕು. ಗಣಿಯ ಧೂಳು ಎದೆಯನ್ನು ತಿಂದುಹಾಕಿದೆ. ಡಾಕ್ಟರು ಮುಂದಿನ ಬೇಸಿಗೆಯ ಮಾತೇ ಎತ್ತುವುದಿಲ್ಲ.

ಮೈದಾನ ನೀನು ಬಿಟ್ಟಹಾಗೇ ಇದೆ. ಮರದ ಬೆಂಚಿನ ಸಿಬಿರು ಈಗಲೂ ಲಂಗಕ್ಕೆ ಚುಚ್ಚುತ್ತದೆ. ಎಡಗಡೆಯ ಗೋಡೆಯಾಚೆ ಸ್ಮಶಾನ. ಅಲ್ಲಿಗೆ ಹಾರಿದ ಚೆಂಡನ್ನು ಯಾರೂ ಹುಡುಕಲು ಹೋಗುವುದಿಲ್ಲ. ಚರ್ಚಿನ ಹೆಂಗಸರು ಅದೇ ಕಿಟಕಿಯಲ್ಲಿ ಬನ್ನೊಳಗೆ ಮಾಂಸ ತುಂಬಿದ ಪೆಪ್ಪರೋನಿ ರೋಲ್ ಮಾರುತ್ತಾರೆ. ಸಂಜೆಯ ಸೂರ್ಯ ಬ್ಯಾಟು ಹಿಡಿದವನ ಕಣ್ಣಿಗೆ ನೇರವಾಗಿ ಹೊಡೆಯುವ ಹೊತ್ತಿಗೆ ಅಂಪೈರ್ ಆಟ ನಿಲ್ಲಿಸುತ್ತಾನೆ. ಸೂರ್ಯ ಬೆಟ್ಟದ ಹಿಂದೆ ಇಳಿಯುವವರೆಗೆ ಊರಿಗೆ ಊರೇ ಹಣೆಗೆ ಕೈ ಅಡ್ಡ ಹಿಡಿದು ಹರಟುತ್ತಾ ಕೂರುತ್ತದೆ.

ಆ ಬಿಡುವಿನಲ್ಲೇ ಮುಂದಿನ ಸಾಲಿನ ಮುದುಕಿ ಮೇವಿಸ್ ನಮ್ಮ ಕಡೆ ತಿರುಗಿದಳು. "ಏಯ್ ಎಮೆಟ್, ಅದು ದಿಬ್ಬ ಕಣೋ, ನಿಮ್ಮಪ್ಪನ ಮಂಚ ಅಲ್ಲ, ಓಡೋ!" ಎಂದು ನಿನ್ನನ್ನು ಗೋಳುಹುಯ್ದುಕೊಳ್ಳುತ್ತಿದ್ದವಳು. ದಿಬ್ಬ ಹತ್ತಿ ಚೆಂಡು ಹಿಡಿದಾಗಲೆಲ್ಲ ನೀನು ಅವಳಿಗೇ ಟೋಪಿ ಎತ್ತಿ ತೋರಿಸುತ್ತಿದ್ದೆ.

"ಲೊರೀನ್, ನಮ್ಮ ಹುಡುಗ ಹೇಗಿದ್ದಾನೇ?"

"ಚೆನ್ನಾಗಿದ್ದಾನೆ. ಒಹಾಯೋದಲ್ಲಿ ಕೆಲಸ."

ಅಪ್ಪ ಮೂಗಿನ ನಳಿಕೆ ಸರಿಮಾಡಿಕೊಂಡರು. "ಸುಳ್ಳು ಯಾಕೆ ಹೇಳ್ತೀಯ ಮಗಳೇ? ಮೇವಿಸ್, ನೋವಿಗೆ ಅಂತ ಕೊಟ್ಟ ಮಾತ್ರೆಯ ಚಟಾನ ಅವನು ಬಿಡ್ಲೇ ಇಲ್ಲ. ಮನೆ ಬಿಟ್ಟು ಹೋದ. ಬದುಕಿದ್ದಾನೋ ಇಲ್ವೋ ನಮಗೆ ಗೊತ್ತಿಲ್ಲ."

ಮೇವಿಸ್ ತಾನು ತಿನ್ನುತ್ತಿದ್ದ ರೋಲನ್ನು ಮುರಿದು ಅರ್ಧ ಅಪ್ಪನ ಕೈಯಲ್ಲಿಟ್ಟಳು.

ಪಂದ್ಯ ಮುಗಿದ ಮೇಲೆ ಜನರನ್ನು ಮೈದಾನಕ್ಕಿಳಿಯಲು ಬಿಟ್ಟರು. ಬೇಡವೆಂದರೂ ಕೇಳದೆ ಅಪ್ಪ ನಿಂತು ನಿಂತು ದಿಬ್ಬ ಹತ್ತಿದರು. "ಅವನು ಬಿದ್ದಿದ್ದೆಲ್ಲಿ?" ಎಂದರು. ತೋರಿಸಿದೆ. ಆ ಹುಲ್ಲಿನ ಮೇಲೆ ಕೂತು ಅಂಗೈಯಿಂದ ಸವರಿದರು.

"'ಎದ್ದೇಳೋ, ನಾಟಕ ಸಾಕು' ಅಂತ ಕೂಗಿದ್ದೆನಲ್ಲ. ಅವನಿಗೆ ಕೇಳಿಸಿತ್ತಾ?"

"ಇಲ್ಲಪ್ಪ. ಆ ಗಲಾಟೇಲಿ ಎಲ್ಲಿ ಕೇಳಿಸುತ್ತೆ?"

ಗಲಾಟೆ ಎಲ್ಲಿತ್ತು ಎಮೆಟ್? ನೀನು ಬಿದ್ದ ಗಳಿಗೆಯಲ್ಲಿ ಇಡೀ ಮೈದಾನ ಉಸಿರು ಬಿಗಿಹಿಡಿದಿತ್ತು. ಆಸ್ಪತ್ರೆಯಲ್ಲಿ ನೀನು ಅತ್ತದ್ದು ಕಾಲಿಗಾಗಿ ಅಲ್ಲ, ಆ ಒಂದು ಮಾತಿಗಾಗಿ. ಅಪ್ಪ ನನ್ನ ಮುಖವನ್ನೇ ನೋಡಿದರು. "ಕೇಳಿಸಿರುತ್ತೆ" ಅಂದರು. ಏಳಲು ಹೋದರೆ ಆಗಲಿಲ್ಲ. ಕೊನೆಗೆ ಇಬ್ಬರು ಆಟಗಾರರು ಬಂದು ಎತ್ತಿಕೊಂಡು ಕೆಳಗಿಳಿಸಿದರು.

ನಿನ್ನನ್ನು ಕಂಡೆವೆಂದು ಯಾರೋ ಹೇಳಿದ ಆಶ್ರಯಧಾಮಕ್ಕೆ ಇದನ್ನು ಕಳಿಸುತ್ತಿದ್ದೇನೆ. ಹಿಂದಿನ ಕಾಗದ ವಾಪಸು ಬಂತು; ಇದೂ ಬರಬಹುದು. ಅಪ್ಪನನ್ನು ಕ್ಷಮಿಸು ಎಂದು ನಿನ್ನನ್ನು ಕೇಳುವುದಿಲ್ಲ. ಒಂದು ಸಲ ಫೋನ್ ಮಾಡು, ಏನೂ ಮಾತಾಡದಿದ್ದರೂ ಸರಿ. ಅಪ್ಪ ಫೋನನ್ನು ಹಾಸಿಗೆಯ ಪಕ್ಕಕ್ಕೆ ಎಳೆಸಿಕೊಂಡಿದ್ದಾರೆ. ರಿಂಗಾದರೆ ನಾನು ಎತ್ತಬಾರದಂತೆ.

ಎಲ್ಲಿದ್ದರೂ ನಿನಗೊಂದು ಸೂರಿರಲಿ, ಬಿಸಿಯಾಗಿ ಏನಾದರೂ ಹೊಟ್ಟೆಗೆ ಬೀಳಲಿ. ದೇವರು ನಮ್ಮ ಮೇಲೆ ಮುನಿದಿದ್ದರೂ ನಿನ್ನ ಮೇಲೆ ಮುನಿಯದಿರಲಿ.

ನಿನ್ನ ಅಕ್ಕ,
ಲೊರೀನ್