ತಣ್ಣಗಾಗ್ಯಾಳ್ರಿ

ಆದಮ್ಮ,

ಈ ಪತ್ರವನ್ನು ನಾನು ಟಪಾಲಿಗೆ ಹಾಕುವುದಿಲ್ಲ. ನಿನಗೆ ಓದಲು ಬಾರದು. ಬಳಗಾನೂರಿನ ನಿನ್ನ ತವರಿನಲ್ಲಿ ನನ್ನ ಪತ್ರವನ್ನು ಯಾರೂ ಓದಿ ಹೇಳುವುದೂ ಇಲ್ಲ.

ಇವತ್ತು ಮಧ್ಯಾಹ್ನ ಲಿಂಗಸುಗೂರಿನ ಕಚೇರಿಯಲ್ಲಿ, ಕಿಟಕಿಗಳಿಗೆ ಕಂಬಳಿ ಕಟ್ಟಿ, ಆ ಸಿನಿಮಾ ತೋರಿಸಿದರು. ಮಕ್ಕಳನ್ನು ದವಾಖಾನೆಗೆ ತಂದು ಹೊರಗಿನ ಬೇವಿನ ಮರದಡಿ ಬೀಳುವ ನಮ್ಮಂಥವರಿಗೆ ಒಂದು ವಸತಿ ಕಟ್ಟಿಸಲು ಚಂದಾ ಕೇಳುವ ಸಿನಿಮಾ. ಅದರಲ್ಲಿ ಮಾತಿಲ್ಲ, ಬರೀ ಚಿತ್ರ.

ಪರದೆಯ ಮೇಲೆ ನೀನು ಮಗಳನ್ನು ಎದೆಗವಚಿ ನನ್ನ ಕಡೆ ತಿರುಗುತ್ತೀ. ತುಟಿ ಅಲುಗುತ್ತದೆ. ನೀನು ಅಂದದ್ದು ಅಲ್ಲಿ ನನಗೊಬ್ಬನಿಗೇ ಗೊತ್ತು.

"ಹುಲಿಗಿ ತಣ್ಣಗಾಗ್ಯಾಳ್ರಿ, ನೋಡ್ರಿ."

ಹನ್ನೊಂದು ದಿನ ಜ್ವರದಲ್ಲಿ ಬೆಂದ ಕೂಸು. ತಣ್ಣಗೆ ಅಂದರೆ ನನಗೆ ಹೊಳೆದದ್ದು ಒಂದೇ ಅರ್ಥ: ಜ್ವರ ಇಳಿಯಿತು. ಮುಟ್ಟಿ ನೋಡಲಿಲ್ಲ. ಉರ್ದು ಬಲ್ಲ ಮಸ್ಕಿಯ ಮಾಸ್ತರನೆಂಬ ಜಂಬದಲ್ಲಿ, ಅವತ್ತು ಆ ಮರದಡಿ ನಮ್ಮ ಚಿತ್ರ ತೆಗೆಯುತ್ತಿದ್ದ ಕ್ಯಾಮೆರಾದ ಸಾಹೇಬರಿಗೆ "ಬುಖಾರ್ ಉತರ್ ಗಯಾ" ಎಂದೆ. ಅವರು ಖುಷಿಯಾಗಿ, ಇನ್ನೊಮ್ಮೆ ಬೇಕೆಂದರು.

"ಚಲೋ ಆತು ಬಿಡು," ಎಂದು ನಿನಗೆ ನಾನೇ ಹೇಳಿದೆ. "ಸೆರಗು ಸರಿಸಿ ಮತ್ತೊಮ್ಮೆ ಎತ್ತಿ ಹಿಡಿ. ಮಾರಿ ಕಾಣ್ಲಿ."

ನನ್ನನ್ನೇ ನೋಡುತ್ತ ನೀನು ಎತ್ತಿ ಹಿಡಿದೆ.

ಅವರ ಮೋಟಾರು ಹೋದ ಮೇಲೆ ನಾನು ಹುಲಿಗಿಯ ಹಣೆ ಮುಟ್ಟಿದೆ. ಮಣ್ಣು ಮಾಡಿದ ಮರುದಿನ ನೀನೊಬ್ಬಳೇ ತವರಿನ ಬಂಡಿ ಹತ್ತಿದೆ. ಸಾಹೇಬರಿಗೆ ಇದೊಂದೂ ತಿಳಿಯದು.

ಇವತ್ತು ನಿನ್ನ ಮುಖದ ಬೆನ್ನಿಗೇ ಉರ್ದು ಅಕ್ಷರಗಳು ಮೂಡಿದವು: ಮಗುವಿನ ಜ್ವರ ಇಳಿಯಿತು, ತಾಯಿ ನಿಮಗೆ ದುವಾ ಮಾಡುತ್ತಿದ್ದಾಳೆ. ಮಂದಿಯೆಲ್ಲ ಚಪ್ಪಾಳೆ ತಟ್ಟಿದರು. ಸಾಹೇಬರು ನನ್ನತ್ತ ತಿರುಗಿ ನಕ್ಕರು.

ನಾನೂ ತಟ್ಟಿದೆ, ಆದಮ್ಮ.